ದಿನಾ ಬೆಳಿಗ್ಗೆ ಹೊಟ್ಟೆ ಖಾಲಿಯಾಗಲು ಯಾವ ಭೇದಿ ಮಾತ್ರೆ ಒಳ್ಳೆಯದು?

ಮಾತ್ರೆಯ ಹೆಸರು ನಾನು ಹೇಳುವುದಿಲ್ಲ. ‘ಬೆಳಿಗ್ಗೆ ಬಂದಹಾಗೆ ಆಗುತ್ತೆ, ಹೊರಡೋ ಗಡಿಬಿಡೀಲಿ ಹೋಗೋಕಾಗಲ್ಲ, ಆಮೇಲೆ ಬರೋದೇ ಇಲ್ಲ’ ಅಂತ ನೀವೇ ಬರೆದಿದ್ದೀರಿ. ಕಾಯಿಲೆ ಅದೇ. ನಾನೂ ವರ್ಷಗಟ್ಟಲೆ ಮಾಡಿದ್ದು ಅದನ್ನೇ.

ತಿಂಡಿ ಮುಗಿದ ಸ್ವಲ್ಪ ಹೊತ್ತಿಗೆ ಅರ್ಜೆಂಟ್ ಆಗುತ್ತಿತ್ತು. ಬಸ್ ತಪ್ಪುತ್ತೆ ಅಂತ ಬಿಗಿಹಿಡಿದು ಓಡುತ್ತಿದ್ದೆ. ಸೀಟು ಸಿಗುವಷ್ಟರಲ್ಲಿ ಒತ್ತಡ ತಾನೇ ಇಳಿದಿರುತ್ತಿತ್ತು. ಸರಿ, ಸಂಜೆ ನೋಡಿಕೊಂಡರಾಯಿತು ಅಂದುಕೊಳ್ಳುತ್ತಿದ್ದೆ. ನಾನು ಎಡವಿದ್ದು ಇಲ್ಲೇ.

ಹೊಟ್ಟೆಗೆ ಆಹಾರ ಬಿದ್ದರೆ ನರಗಳ ಮೂಲಕ ದೊಡ್ಡ ಕರುಳಿಗೂ ಸುದ್ದಿ ಮುಟ್ಟುತ್ತದೆ. ಅದು ಹಳೆಯದನ್ನು ಕೆಳಕ್ಕೆ ತಳ್ಳುತ್ತದೆ. ಬೆಳಿಗ್ಗೆ ಈ ಚುರುಕು ಜಾಸ್ತಿ. ಮಲ ಬಂದು ಗುದನಾಳ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗ, ಹಿಗ್ಗಿದಾಗ ಬೆನ್ನುಹುರಿಯ ಕೆಳಭಾಗಕ್ಕೆ, ಅಲ್ಲಿಂದ ಮೆದುಳಿಗೆ ಸೂಚನೆ ಹೋಗುತ್ತದೆ. ಗುದದ್ವಾರದ ಸುತ್ತ ಎರಡು ಸ್ನಾಯು ಇವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಗುದನಾಳ ಹಿಗ್ಗಿದರೆ ತಾನೇ ಸಡಿಲವಾಗುತ್ತದೆ. ಹೊರಗಿನದು ನಮ್ಮ ಹಿಡಿತದಲ್ಲಿದೆ. ಅದನ್ನು ಬಿಗಿಹಿಡಿದರೆ ಗುದನಾಳ ಇನ್ನಷ್ಟು ಜಾಗ ಮಾಡಿಕೊಡುತ್ತದೆ, ಒಳಸ್ನಾಯು ಮತ್ತೆ ಬಿಗಿಯಾಗುತ್ತದೆ, ಒತ್ತಡ ಮಾಯ! ಮಲ ಮಾತ್ರ ಅಲ್ಲೇ ಇರುತ್ತದೆ.

ಅಷ್ಟು ಹೊತ್ತು ಅದರ ನೀರು ಇಂಗುತ್ತಲೇ ಇರುತ್ತದೆ. ಕುಡಿದ ನೀರು, ಜೊಲ್ಲು, ಜೀರ್ಣರಸ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಕೊನೆಗೆ ಮಲದಲ್ಲಿ ಉಳಿಯುವುದು 100-200 ಮಿಲಿಲೀಟರ್ ಅಷ್ಟೇ. ತಡಮಾಡಿದರೆ ಅದೂ ಕಡಿಮೆಯಾಗುತ್ತದೆ. ಸಂಜೆಗೆ ನನ್ನದು ಕಲ್ಲು. ತಿಣುಕಿ ತಿಣುಕಿ ಗುದದ್ವಾರದ ಚರ್ಮ ಸೀಳಿತು, ಫಿಶರ್ ಅಂತಾರಲ್ಲ ಅದು. ನೋವಿನ ಹೆದರಿಕೆಗೆ ಇನ್ನೂ ಹಿಡಿದುಕೊಂಡೆ. ಹಿಗ್ಗೀ ಹಿಗ್ಗೀ ಗುದನಾಳದ ಸೂಕ್ಷ್ಮ ಮಂಕಾಗಿ, ಕೊನೆಕೊನೆಗೆ ಬೆಳಗಿನ ಆ ಒತ್ತಡ ಬರುವುದೇ ನಿಂತಿತು.

ನೀವು ಕೇಳುವ ಮಾತ್ರೆಗಳನ್ನೂ ನುಂಗಿದ್ದೇನೆ. ನೀರೂ ಕುಡಿದಿದ್ದೇನೆ. ಮೊದಲೇ ಸಾಕಷ್ಟು ಕುಡಿಯುವವರು ಮೇಲೊಂದು ಲೀಟರ್ ಕುಡಿದರೆ ಅದು ಕಿಡ್ನಿ ದಾರಿಯಲ್ಲಿ ಮೂತ್ರವಾಗಿ ಹೋಗುತ್ತದೆ, ಅಷ್ಟೇ.

ಕರುಳಿಗೆ ತನ್ನದೇ ನರಜಾಲ ಇದೆ. ಹೊರಗಿನ ನರ ಕತ್ತರಿಸಿದರೂ ಕರುಳು ಆಹಾರವನ್ನು ಮುಂದಕ್ಕೆ ತಳ್ಳುತ್ತದೆ ಎಂದು ಬ್ರಿಟನ್ನಿನ ಶರೀರವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ತೋರಿಸಿದ್ದರು. ಇಷ್ಟುದ್ದದ ಕೆಲಸ ನಮ್ಮನ್ನು ಕೇಳದೆ ನಡೆಯುತ್ತದೆ. ಕೊನೆಯ ಅರೆಗಳಿಗೆಗೆ ಮಾತ್ರ ನಮ್ಮ ಒಪ್ಪಿಗೆ ಬೇಕು. ಅದನ್ನೂ ಕೊಡದೆ ಕರುಳಿಗೆ ಮಾತ್ರೆ ಕೊಟ್ಟರೆ ಏನುಪಯೋಗ, ಅಲ್ವಾ?

ಅರ್ಧ ಗಂಟೆ ಬೇಗ ಏಳಿ. ತಿಂಡಿಯಾದ ಮೇಲೆ, ಬರಲಿ ಬಿಡಲಿ, ಹೋಗಿ ಕೂತುಕೊಳ್ಳಿ. ಕಮೋಡ್ ಆದರೆ ಕಾಲಡಿ ಒಂದು ಸಣ್ಣ ಸ್ಟೂಲ್ ಇಡಿ. ಮಂಡಿ ಮೇಲೆದ್ದರೆ ಗುದನಾಳದ ತಿರುವು ನೇರವಾಗುತ್ತದೆ. ಮೊಬೈಲ್ ಬೇಡ. ತಿಣುಕಬೇಡಿ, ಹತ್ತು ನಿಮಿಷದಲ್ಲಿ ಎದ್ದುಬಿಡಿ. ನಾರು ತಿನ್ನಿ ಅಂತ ಎಲ್ಲರೂ ಹೇಳಿರುತ್ತಾರೆ, ಅದೂ ನಿಜ. ನನಗೆ ಒತ್ತಡ ಮರಳಿ ಬರಲು ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ಡಾಕ್ಟರ್ ಕೊಟ್ಟ ಮಲ ಮೆದು ಮಾಡುವ ಔಷಧಿ ನೆರವಾಯಿತು, ಇಲ್ಲ ಅನ್ನಲಾರೆ.

ಅಂದಹಾಗೆ, ದಿನಾ ಆಗಲೇಬೇಕು ಅಂತ ಯಾರು ಹೇಳಿದ್ದು? ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಎಲ್ಲವೂ ಮಾಮೂಲೇ. ಆದರೆ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ ಅಥವಾ ಇದು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಕಬ್ಬಿಣಾಂಶದ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಹೇಳಿ, ಅದರಿಂದಲೂ ಮಲ ಗಟ್ಟಿಯಾಗುತ್ತದೆ.