ಗರಗಸ ಬರುತ್ತೆ, ಅಆಇಈ ಬರಲ್ಲ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: "ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಅಆಇಈ ಒಪ್ಪಿಸು ಅಂದರೆ ತಡವರಿಸುತ್ತಾಳೆ. ಕೇಳಿದರೆ ತಟ್ಟೆ, ಕಾರ್ಡು, ಹಾಡು ಅನ್ನುತ್ತಾಳೆ. ನಿಮ್ಮ ಪತ್ರಿಕೆಯೂ ಮಕ್ಕಳು ಆಡುತ್ತಾ ಕಲಿಯಲಿ ಎಂದು ಬರೆಯುತ್ತದೆ. ಹಾಗೆ ಆಡಿಕೊಂಡಿದ್ದು ಮೇಲೆ ಬಂದವರ ಒಂದು ಹೆಸರು ಹೇಳಿ ನೋಡೋಣ. ನಾನೇ ಸರ್ಕಾರಿ ನೌಕರಿಗಾಗಿ ಮೂರನೇ ಸಲ ಎಫ್‌ಡಿಎ ಪರೀಕ್ಷೆಗೆ ಕೂತಿದ್ದೇನೆ. ಓದುವಾಗ ಅವಳು ಆಟಕ್ಕೆ ಕರೆದರೆ ಗದರುತ್ತೇನೆ. ತಪ್ಪೇ?"

ಸಂಪಾದಕರ ಉತ್ತರ:

ಹೆಸರು ಕೊಡುತ್ತೇನೆ, ಸ್ವಲ್ಪ ತಾಳಿ. ಮೊದಲು ನಿಮ್ಮ ಮಗಳ ವಿಚಾರ.

ಅವಳು ಹೇಳುತ್ತಿರುವುದು ನಲಿ-ಕಲಿಯ ಸುದ್ದಿ, ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಕಾರ್ಡು, ಹಾಡು, ಆಟಗಳಿಂದ ಕಲಿಸುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅಲ್ಲಿಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಕಾರ್ಡುಗಳಲ್ಲಿ ಪಾಠ ನಡೆಯುವುದನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಒಗ್ಗುವಂತೆ ಮಾಡಿಕೊಂಡರು. ತಟ್ಟೆ ಎಂದರೆ ಮಕ್ಕಳು ಕೂರುವ ಗುಂಪು. ಒಂದು ಗುಂಪಿಗೆ ಮೇಷ್ಟ್ರು ಪಕ್ಕದಲ್ಲೇ ಬೇಕು, ಇನ್ನೊಂದರಲ್ಲಿ ಗೆಳತಿ ಹೇಳಿಕೊಟ್ಟರೆ ಸಾಕು, ಮತ್ತೊಂದರಲ್ಲಿ ಮಗು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ.

ಅಲ್ಲಿ ಅಕ್ಷರ ಶುರುವಾಗುವುದು ಅಆಇಈಯಿಂದ ಅಲ್ಲವೇ ಅಲ್ಲ. ರ, ಗ, ಸ, ದ, ಅ. ನಾನೂ ಮೊದಲ ಸಲ ಕೇಳಿದಾಗ ಇದೇನು ಅಧ್ವಾನ ಅಂದುಕೊಂಡಿದ್ದೆ. ಆಮೇಲೆ ಐದನ್ನೂ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿಕೊಂಡು ಕೂತೆ. ಸರ. ದರ. ಅರಸ. ಅಗಸ. ಗರಗಸ! ಕಾಗುಣಿತ ಬೇಡ, ಒತ್ತಕ್ಷರ ಬೇಡ. ಐದೇ ಅಕ್ಷರಕ್ಕೆ ಮಗು ಓದಲು ಶುರು ಮಾಡಿಬಿಡುತ್ತದೆ. ಅಆಇಈಉಊಋ ಅಷ್ಟನ್ನೂ ಬಾಯಿಪಾಠ ಮಾಡಿಸಿ, ಅವುಗಳಲ್ಲೇ ಎಷ್ಟು ಪದ ಕಟ್ಟಬಹುದು ಲೆಕ್ಕ ಹಾಕಿ ನೋಡಿ. ನಾನು ಚಿಕ್ಕವನಿದ್ದಾಗ ಅಃವರೆಗೂ ಉಸಿರು ಬಿಡದೆ ಒಪ್ಪಿಸಿ ಭೇಷ್ ಅನ್ನಿಸಿಕೊಂಡವನು. ಬಸ್ಸಿನ ಬೋರ್ಡು ಓದಲು ಬಂದದ್ದು ಇನ್ನೂ ಒಂದು ವರ್ಷ ಬಿಟ್ಟು.

ಚೀಟಿ ಜೋಡಿಸುವಾಗ ಒಂದು ಸಲ 'ದಗಸ' ಬಂತು. ಪಕ್ಕದ ಮನೆಯ ಹುಡುಗಿ "ದಗಸ ಅಂದ್ರೆ ಏನಂಕಲ್?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂಡಲೇ ಒಂದು ಚೀಟಿ ತೆಗೆದು, ಇನ್ನೊಂದು ಇಟ್ಟು ಅಗಸ ಮಾಡಿದಳು. ಪರೀಕ್ಷೆಯಲ್ಲಾಗಿದ್ದರೆ ಆ ದಗಸಕ್ಕೆ ಕೆಂಪು ಗೀಟು ಬಿದ್ದು ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಆಟ ಅನ್ನುವುದು ಇಷ್ಟನ್ನೇ: ತಪ್ಪಿದರೆ ದಂಡ ಇಲ್ಲ, ಇನ್ನೊಂದು ಸಲ ಕೈ ಹಾಕಬಹುದು.

ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಒಬ್ಬರೇ ಮೇಷ್ಟ್ರು, ಮೂರು ತರಗತಿ, ಅರ್ಧ ಕಾರ್ಡು ಕಳೆದುಹೋಗಿವೆ ಅಂದರೆ ನಲಿಯೂ ಇಲ್ಲ ಕಲಿಯೂ ಇಲ್ಲ, ಬರೀ ಗದ್ದಲ. ಅದಕ್ಕೇ ಶಾಲೆಗೆ ಹೋಗಿ ವಿಚಾರಿಸಿ. ಅಆಇಈ ಯಾಕೆ ಬರಲ್ಲ ಎಂದು ಕೇಳಬೇಡಿ, ಮಗು ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಇವಳು ಯಾವ ಮೆಟ್ಟಿಲಲ್ಲಿದ್ದಾಳೆ, ಹೋದ ತಿಂಗಳು ಎಲ್ಲಿದ್ದಳು ಎಂದು ಕೇಳಿ. ಉತ್ತರ ಸಿಗದಿದ್ದರೆ ಆಗ ನಿಮ್ಮ ಸಿಟ್ಟಿಗೆ ಅರ್ಥವಿದೆ.

ಈಗ ಹೆಸರು: ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಅಂಕಿಗಳ ಜೊತೆ ಆಡುವುದೇ ಇವರ ಹುಚ್ಚಾಗಿತ್ತು. ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, 2025 ಅನ್ನೋಣ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ: 5220ರಿಂದ 0225 ಹೋದರೆ 4995. ಬಂದದ್ದಕ್ಕೂ ಅದನ್ನೇ ಮಾಡಿ. 5355, 1998, 8082, 8532, ಆಮೇಲೆ 6174. ಅಲ್ಲಿಗೆ ಬಂದರೆ ಮುಗಿಯಿತು, 7641ರಿಂದ 1467 ಕಳೆದರೆ ಮತ್ತೆ 6174 ಬಂದು ಕೂರುತ್ತದೆ. ಏಳು ಸುತ್ತು ದಾಟುವ ಮಾತೇ ಇಲ್ಲ.

ಇದರಿಂದ ಏನು ಸಿಕ್ಕಿತು ಎಂದು ನೀವು ಕೇಳುತ್ತೀರಿ. ನಮ್ಮ ಗಣಿತಜ್ಞರಲ್ಲೇ ಅನೇಕರು ಇದನ್ನು ಮಕ್ಕಳಾಟ ಎಂದು ತಳ್ಳಿಹಾಕಿದರು. 1975ರಲ್ಲಿ ಅಮೆರಿಕದ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ವಿಜ್ಞಾನ ಪತ್ರಿಕೆ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದ ಮೇಲೆ ಹೊರದೇಶದಲ್ಲಿ ಹೆಸರಾಯಿತು. ಅಷ್ಟು ಹೊತ್ತಿಗೆ ಕಾಪ್ರೇಕರ್ ಮೇಷ್ಟ್ರಾಗಿಯೇ ನಿವೃತ್ತರಾಗಿ ಹತ್ತು ವರ್ಷ ಮೇಲಾಗಿತ್ತು. ಬಂಗಲೆ, ಕಾರು ಲೆಕ್ಕಕ್ಕೆ ಹಿಡಿದರೆ ಈ ಹೆಸರು ನಿಮಗೆ ಸಾಲದು. ಬೇರೆ ಲೆಕ್ಕ ನನ್ನ ಹತ್ತಿರ ಇಲ್ಲ. ಆಟ ಆಡಿದರೆ ಇಂಥದ್ದು ಕೈಗೆ ಬರುತ್ತದೆ ಎಂದು ಮೊದಲೇ ರಸೀದಿ ಬರೆದು ಕೊಡುವವರನ್ನು ನಾನು ನಂಬುವವನಲ್ಲ. ಬೇಸಿಗೆ ಶಿಬಿರಗಳ ಕರಪತ್ರದಲ್ಲಿ ಅಂಥವರು ಬೇಕಾದಷ್ಟು ಸಿಗುತ್ತಾರೆ.

ಇನ್ನು ನಿಮ್ಮ ಗದರಿಕೆ. ಪರೀಕ್ಷೆಯ ತಲೆಬಿಸಿ ನನಗೆ ಗೊತ್ತು, ಓದಬೇಡಿ ಎನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಒಂದು ಮಗ್ಗುಲು ಕೆಟ್ಟ ಜೆರಾಕ್ಸ್ ಹಾಳೆ ದಿನಕ್ಕೆ ಹತ್ತಾದರೂ ಬೀಳುತ್ತವಲ್ಲ? ಒಂದರ ಹಿಂದೆ ಅವಳು ರಗಸದಅ ಬರೆದುಕೊಳ್ಳಲಿ. ಇನ್ನೊಂದು ನಿಮಗೆ. ನಿಮ್ಮ ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಿ ಎಷ್ಟನೇ ಸುತ್ತಿಗೆ 6174 ಬರುತ್ತದೆ ನೋಡಿ. ನಾಲ್ಕೂ ಒಂದೇ ಅಂಕಿ ಇದ್ದರೆ ಮಾತ್ರ ಬರುವುದಿಲ್ಲ. ಹಾಗಿದ್ದರೆ ಅಂಗಡಿ ಬೋರ್ಡಿನ ನಂಬರ್ ತೆಗೆದುಕೊಳ್ಳಿ.