ದಿಮ್ಮಿ ಎತ್ತುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಮೇಲೇಳುವುದು

ಹಿಂದಿನ ಲಿಂಕೇಜಿಗೆ (ಉಪಕರಣ ಸಿಕ್ಕಿಸುವ ಮೂರು ತೋಳು) ಕೂರಿಸಿದ ಕ್ರೇನಿನಲ್ಲಿ ನೀಲಗಿರಿ ದಿಮ್ಮಿ ಎತ್ತಿದಾಗ ನಿಮ್ಮ 45 ಎಚ್‌ಪಿ ಟ್ರ್ಯಾಕ್ಟರಿನ ಮುಂದಿನ ಚಕ್ರ ಏಳುವುದು ಬಹುಶಃ ಎಂಜಿನ್ ಸಾಲದೆ ಅಲ್ಲ. ಭಾರ ಹಿಂದಿನ ಆಕ್ಸಲ್‌ನಿಂದ ತೀರಾ ಆಚೆ ಬೀಳುತ್ತಿದೆ. ದೊಡ್ಡ ಟ್ರ್ಯಾಕ್ಟರಿಗೆ ದುಡ್ಡು ಹಾಕಬೇಡಿ, ಬದಲಿಗೆ ಕ್ರೇನ್ ಕೂರಿಸಿದ ಟ್ರೇಲರ್ ನೋಡಿ.

ಮೊದಲು ತೂಕ ಲೆಕ್ಕ ಹಾಕಿ. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ನೀಲಗಿರಿ 220 ಕೆಜಿ ಆಸುಪಾಸು ತೂಗುತ್ತದೆ. ಹಿಡಿಯುವ ಕೊಕ್ಕೆಯ ತೂಕವನ್ನೂ ಸೇರಿಸಿ. ಕ್ರೇನ್ ನೋಡುವಾಗ ಅಂಗಡಿಯವರು ಹೇಳುವ ದೊಡ್ಡ ಅಂಕಿ ಬಿಡಿ, ತೋಳು ಪೂರ್ತಿ ಚಾಚಿದಾಗ ಎಷ್ಟು ಎತ್ತುತ್ತದೆ ಎಂದು ಕೇಳಿ. 2 ಮೀಟರಿನಲ್ಲಿ 500 ಕೆಜಿ ಎತ್ತುವುದು 4 ಮೀಟರಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಆಮೇಲೆ ಟ್ರೇಲರ್. ಕ್ರೇನ್ ಟ್ರೇಲರಿನ ಮೂತಿಯ ಮೇಲೇ ಇರಲಿ, ಅದಕ್ಕೆ ಸ್ವಂತ ಊರುಗಾಲುಗಳಿರಲಿ. ಹುಣಸೂರು ಕಡೆಯ ಏರುತಗ್ಗಿನ ಜಮೀನಿಗೆ ಒಂದರ ಹಿಂದೊಂದು ಚಕ್ರವಿದ್ದು ತೂಗಾಡುವ ಜೋಡಿ ಆಕ್ಸಲ್ಲೇ ಒಳ್ಳೆಯದು. ಬ್ರೇಕ್ ಇಲ್ಲದ ಟ್ರೇಲರ್ ಅಗ್ಗಕ್ಕೆ ಸಿಕ್ಕರೂ ಬೇಡ. ಕ್ರೇನ್ ನಡೆಸಲು ನಿಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪ್ ಕೊಡುವ ಆಯಿಲ್ ಸಾಲುತ್ತದೋ ಇಲ್ಲವೋ ನೋಡದೆ ಹೇಳಲಾರೆ. ನಿಮಿಷಕ್ಕೆ ಎಷ್ಟು ಲೀಟರ್ ಎಂದು ಪುಸ್ತಕದಲ್ಲಿ ನೋಡಿ, ಕ್ರೇನ್ ಕೇಳುವುದಕ್ಕಿಂತ ಕಮ್ಮಿಯಿದ್ದರೆ ಪಿಟಿಒಗೆ (ಎಂಜಿನ್ ಬಲದಿಂದ ತಿರುಗುವ ಹಿಂದಿನ ಶಾಫ್ಟ್) ಬೇರೆ ಪಂಪ್ ಹಾಕಿಸಿ.

ಅಲ್ಲಿಯವರೆಗೆ ಟ್ರ್ಯಾಕ್ಟರಿನ ಮುಂದೆ ತೂಕ ಕಟ್ಟಿ, ದಿಮ್ಮಿಯನ್ನು ಎಳೆದು ಹತ್ತಿರ ತಂದು ಎತ್ತಿ. ಕ್ರೇನಿನ ಕಾಲುಗಳಡಿ ದಪ್ಪ ಹಲಗೆ ಕೊಡಿ. ಮಳೆ ಬಿದ್ದ ಕೆಂಪುಮಣ್ಣಿನಲ್ಲಿ ನಮ್ಮ ಕ್ರೇನ್ ಗೇಣುದ್ದ ಹೂತು, ಎತ್ತಿದ ದಿಮ್ಮಿ ಸಮೇತ ವಾಲಿತ್ತು. ತೋಳಿನಡಿ ಯಾರನ್ನೂ ನಿಲ್ಲಿಸಬೇಡಿ, ಪಂಪ್‌ಸೆಟ್ ಲೈನಿನ ತಂತಿ ಮೇಲಿದ್ದರೆ ಅಲ್ಲಿ ಎತ್ತಲೇಬೇಡಿ.