ಆಫ್ರಿಕಾದ ಕಾಡೆಮ್ಮೆಗೆ .375 ತೋಟಾ ಸಾಕಾ, .458 ಬೇಕಾ?

ದಕ್ಷಿಣ ಆಫ್ರಿಕಾದಲ್ಲಿ ಪರ್ಮಿಟ್ ತಗೊಂಡು ಕಾಡೆಮ್ಮೆ ಬೇಟೆಗೆ ಹೋಗುತ್ತಿದ್ದೇನೆ, ಯಾವ ತೋಟಾ ಒಯ್ಯಲಿ ಅಂತ ಕೇಳಿದ್ದೀರಿ. .375 (ಈ ಅಂಕಿ ಗುಂಡಿನ ಅಡ್ಡಳತೆ, ಇಂಚಿನಲ್ಲಿ) ಸಾಕು. 1912ರಿಂದ ಅದು ಈ ಕೆಲಸ ಮಾಡುತ್ತಾ ಬಂದಿದೆ. .458 ಭುಜಕ್ಕೆ ಜೋರಾಗಿ ಒದೆಯುತ್ತದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಕೋವಿಯ ಕುದುರೆ (ಟ್ರಿಗರ್) ಎಳೆದರೆ ದೊಡ್ಡ ಗುಂಡಿನಿಂದ ಏನು ಬಂತು?

ನಾನು ಕೊಡಗಿನವನು, ಈಗ ಕೆಲಸ ಜೊಹಾನ್ಸ್‌ಬರ್ಗ್‌ನಲ್ಲಿ. ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನಿಗೆ ಕೋವಿ ಹೊಸದೇ ಅಂದುಕೊಂಡು ಇಲ್ಲಿನ ಲಿಂಪೊಪೊ ಪ್ರಾಂತ್ಯಕ್ಕೆ ಬೇಟೆಗೆ ಹೋದೆ. ಜಿಂಕೆ ಜಾತಿಗೆ ಅಂತ ಮಾಡಿದ, ತೆಳು ಹೊದಿಕೆಯ ಅಗ್ಗದ ತೋಟಾ ಒಯ್ದಿದ್ದೆ. ಜೊತೆಗಿದ್ದ ವೃತ್ತಿಪರ ಬೇಟೆಗಾರ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಪೆಟ್ಟಿಗೆಯನ್ನು ಸುಮ್ನೆ ಜೀಪಿನ ಡ್ಯಾಶ್‌ಬೋರ್ಡಿನ ಖಾನೆಗೆ ತಳ್ಳಿ ಬೀಗ ಹಾಕಿದ.

ಕಾರಣ ಇಷ್ಟೇ. ಅಂಥ ಗುಂಡು ಎಮ್ಮೆಯ ಭುಜದ ಮೂಳೆಗೆ ಬಡಿದರೆ ತಾಮ್ರದ ಹೊದಿಕೆ ಒಂದು ಕಡೆ, ಒಳಗಿನ ಸೀಸ ಒಂದು ಕಡೆ ಆಗಬಹುದು. ಹೃದಯದವರೆಗೆ ಹೋಗುವ ಭರವಸೆಯೇ ಇಲ್ಲ. ಸೀಸಕ್ಕೆ ಹೊದಿಕೆ ಬೆಸೆದಿರಬೇಕು, ಇಲ್ಲವೇ ಪೂರ್ತಿ ತಾಮ್ರದ್ದಾಗಿರಬೇಕು. ತೂಕ 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ.

ಬಡಿದಾಗ ತುದಿ ಅಗಲವಾಗಿ ಅರಳದ ಗಟ್ಟಿ ಗುಂಡು, ಇಲ್ಲಿಯವರ ಮಾತಲ್ಲಿ 'ಸಾಲಿಡ್', ಆನೆಯ ಬುರುಡೆಗೆ ಸರಿ. ಹಿಂಡಿನಲ್ಲಿ ನಿಂತ ಎಮ್ಮೆಗೆ ಮೊದಲ ಈಡೇ ಅದಾದರೆ ಕಷ್ಟ. ಪಕ್ಕೆಯಲ್ಲಿ ಹೊಕ್ಕಿದ್ದು ಆಚೆ ಬಂದು ಹಿಂದೆ ನಿಂತ ಎಮ್ಮೆಗೂ ತಗಲಬಹುದು. ಆಮೇಲೆ ಎರಡು ಎಮ್ಮೆಗೆ ದುಡ್ಡು ಕಟ್ಟಬೇಕು. ಗಾಯಗೊಂಡದ್ದನ್ನು ಮುಳ್ಳುಪೊದೆಯೊಳಗೆ ಹುಡುಕಬೇಕು, ಅದು ದುಡ್ಡಿಗಿಂತ ಕೆಟ್ಟದ್ದು. ಹಾಗಾಗಿ ಕೋವಿಗೆ ತುಂಬುವಾಗ ಮೊದಲು ಹಾರುವುದು ಅರಳುವ ಗುಂಡು, ಅದರ ಕೆಳಗೆ ಸಾಲಿಡ್‌ಗಳು. ಏಟು ತಿಂದ ಎಮ್ಮೆ ಬೆನ್ನು ತಿರುಗಿಸಿ ಓಡಿದರೆ ಹಸಿ ಹುಲ್ಲು ತುಂಬಿದ ಹೊಟ್ಟೆ ದಾಟಿ ಎದೆ ಮುಟ್ಟಬೇಕಲ್ವಾ, ಅಲ್ಲಿ ಸಾಲಿಡ್ಡೇ ಬೇಕು. ಎರಡೂ ಒಂದೇ ಜಾಗಕ್ಕೆ ಬೀಳುತ್ತವೆಯೇ ಅಂತ ಮೊದಲೇ ಕಾಗದದ ಮೇಲೆ ಹೊಡೆದು ನೋಡಿ.

ಕೊನೆಗೆ ನಾನು ಹೊಡೆದದ್ದು ಅವನು ಕೊಟ್ಟ ತೋಟಾದಿಂದ. ಚರ್ಮ ಸುಲಿಯುವಾಗ ಆಚೆ ಬದಿಯ ತೊಗಲಿನಡಿ ಗುಂಡು ಸಿಕ್ಕಿತು. ಅಣಬೆಯ ಹಾಗೆ ಅರಳಿತ್ತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ, 18 ಗ್ರಾಂ. ನನ್ನ ಅಗ್ಗದ ಪೆಟ್ಟಿಗೆ ಈಗಲೂ ಬೀರುವಿನಲ್ಲಿದೆ, ಅಭ್ಯಾಸಕ್ಕೆ ಆಗುತ್ತದೆ.